ಪೂರ್ತಿ ಪ್ಯಾಕ್

ತಗಡಿನ ಶೆಡ್ಡಿನಲ್ಲಿ ನಿಂತ ಕಾರಿನೊಳಗೆ ಅವನು ಬೆವರಿ ತೊಪ್ಪೆಯಾಗಿದ್ದ. ಎದುರಿನ ಪರದೆಯ ಮೇಲೆ ನೀಲಿ ಅಕ್ಷರಗಳು ಮಿನುಗುತ್ತಿದ್ದವು: ತಂಪು ಗಾಳಿ ಬೇಕಿದ್ದರೆ ತಿಂಗಳ ಶುಲ್ಕ ಪಾವತಿಸಿ.

ಅವನಿಗೆ ಮೈಯೆಲ್ಲ ಉರಿದುಹೋಯಿತು. ಗಾಳಿ ಬಿಡುವ ಯಂತ್ರ ಕಾರಿನಲ್ಲೇ ಇದೆ. ಕಿಂಡಿಗಳಿವೆ, ಗುಂಡಿಯೂ ಇದೆ. ಆದರೂ ಮತ್ತೆ ಜೇಬಿಗೆ ಕೈ ಹಾಕಬೇಕಂತೆ. ಹಿಂದಿನ ಕ್ಯಾಮೆರಾದ ಗುಂಡಿ ಒತ್ತಿ ನೋಡಿದ, ಅದಕ್ಕೂ ಶುಲ್ಕ. ಮಂಡಿ ಸ್ಟೀರಿಂಗಿಗೆ ತಾಗುತ್ತಿತ್ತು, ಸೀಟು ಹಿಂದಕ್ಕೆ ಸರಿಸಲು ಹೋದ; ಅದಕ್ಕೂ ಶುಲ್ಕ. ಥೂ, ಇದೂ ಒಂದು ಬಾಳೇ ಎಂದುಕೊಂಡ.

ಕಾರು ಕೊಳ್ಳುವವನು ಮಧ್ಯಾಹ್ನದೊಳಗೆ ಬರಲಿದ್ದ. ಪ್ರತಿಯೊಂದು ಗುಂಡಿಯನ್ನೂ ಒತ್ತಿ ನೋಡುತ್ತೇನೆ, ಒಂದು ಕೈಕೊಟ್ಟರೂ ಬಂದ ದಾರಿ ಹಿಡಿಯುತ್ತೇನೆ ಎಂದು ಮೊದಲೇ ಹೇಳಿದ್ದ. ಈ ಕಾರು ಮಾರಿ ಒಂದು ಪುಟ್ಟ ಲಾಂಡ್ರಿ ಹಾಕಿ, ರಾತ್ರಿ ಕೆಲಸಕ್ಕೆ ಕೈಮುಗಿಯುತ್ತೇನೆಂದು ಇವನು ಹೆಂಡತಿಗೆ ಮಾತು ಕೊಟ್ಟಿದ್ದ. ಇವನು ಮನೆ ಸೇರುವವರೆಗೆ ಅವಳಿಗೆ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ಈ ಸಲವಾದರೂ ಮಾತು ತಪ್ಪಬೇಡಿ ಎಂದು ಬೆಳಿಗ್ಗೆ ಬಾಗಿಲವರೆಗೂ ಬಂದು ಹೇಳಿದ್ದಳು.

ಪರದೆಯ ಮೂಲೆಯಲ್ಲಿದ್ದ ಸಹಾಯದ ಗುಂಡಿ ಒತ್ತಿದ. ಹುಡುಗಿಯೊಬ್ಬಳ ನಯವಾದ ದನಿ ಬಂತು. ಅವನು ಬಾಯಿಗೆ ಬಂದಂತೆ ಬೈದ. ಬೈಗುಳ ಕೇಳಿ ಕೇಳಿ ಅವಳ ಕಿವಿ ದಡ್ಡುಗಟ್ಟಿತ್ತೋ ಏನೋ, ನಿಮ್ಮ ಬೇಸರ ಅರ್ಥವಾಗುತ್ತದೆ ಎಂದಳು.

"ಜೀವ ಕೈಯಲ್ಲಿ ಹಿಡ್ಕೊಂಡು ತಂದ ಕಾರು ಕಣಮ್ಮಾ ಇದು. ಇದರ ಸೀಟು ಸರಿಸೋಕೂ ನಿಮಗೆ ಕಪ್ಪ ಕೊಡಬೇಕಾ?"

"ಎಲ್ಲರೂ ಇದನ್ನೇ ಕೇಳ್ತಾರೆ ಸರ್. ಬಿಡಿಬಿಡಿಯಾಗಿ ತಗೊಂಡ್ರೆ ದುಬಾರಿ, ಪೂರ್ತಿ ಪ್ಯಾಕ್ ತಗೊಂಡ್ಬಿಡಿ. ಕಾರಲ್ಲಿ ಕೂತು ಆ ಪರದೆ ಮೇಲೇ ಕಟ್ಟಬೇಕು. ಬೇರೆ ದಾರಿ ಇಲ್ಲ."

ಅದೆಂಥ ನಿಯಮ ಎಂದು ಕೇಳಿದ್ದಕ್ಕೆ ಕಂಪನಿಯ ನಿಯಮ ಎಂದಳು. ಆಮೇಲೆ ಪೂರ್ತಿ ಪ್ಯಾಕ್‌ನಲ್ಲಿ ಏನೇನು ಸಿಗುತ್ತದೆಂದು ಒಪ್ಪಿಸತೊಡಗಿದಳು. ಸೀಟು, ಕ್ಯಾಮೆರಾ, ತಂಪು ಗಾಳಿ ಎನ್ನುವಷ್ಟರಲ್ಲೇ ಅವನ ತಾಳ್ಮೆ ಮುಗಿಯಿತು. ನಿನ್ನ ಪುರಾಣ ಸಾಕು ಎಂದು ಅವಳ ಬಾಯಿ ಮುಚ್ಚಿಸಿದ.

ಹಲ್ಲು ಕಚ್ಚಿಕೊಂಡು ದುಡ್ಡು ಕಟ್ಟಿದ. ಹಗಲು ದರೋಡೆಯೆಂದರೆ ಇದೇ. ದರೋಡೆ ಮಾಡುವವನಿಗಾದರೂ ಸಿಕ್ಕಿಬೀಳುವ ಭಯವಿರುತ್ತದೆ, ಈ ಜನಕ್ಕೆ ಅದೂ ಇಲ್ಲ.

ಸೀಟು ಹಿಂದಕ್ಕೆ ಸರಿಯಿತು. ತಂಪು ಗಾಳಿ ಮುಖಕ್ಕೆ ಬಡಿಯಿತು. ಲಾಂಡ್ರಿಗೆ ಏನು ಹೆಸರಿಡುವುದೆಂದು ಯೋಚಿಸುತ್ತಾ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿನಲ್ಲಿ ಶೆಡ್ಡಿನ ಬಾಗಿಲು ಕಿರುಗುಟ್ಟಿತು. ಕೊಳ್ಳುವವನು ಬಂದನೆಂದು ಮುಖದ ತುಂಬ ನಗು ತಂದುಕೊಂಡು ಕೆಳಗಿಳಿದ.

ಬಂದವರು ಮೂವರು. ಇಬ್ಬರು ಪೊಲೀಸರು ಅವನ ಎರಡೂ ಪಕ್ಕಕ್ಕೆ ಬಂದು ನಿಂತರು. ಮೂರನೆಯವನು, ಒಬ್ಬ ಕುಳ್ಳ ಮನುಷ್ಯ, ಕಾರನ್ನು ಸುತ್ತು ಹಾಕಿ ನೋಡಿ, ಬಾನೆಟ್ ಮೇಲೆ ಕೈಯಿಟ್ಟು ನಿಟ್ಟುಸಿರುಬಿಟ್ಟ.

"ಕಳುವಾದ ಕಾರು ಎಲ್ಲಿದೆ ಅಂತ ತೋರಿಸೋದೂ ಪೂರ್ತಿ ಪ್ಯಾಕ್‌ನಲ್ಲೇ ಇದೆಯಂತೆ," ಎಂದ. "ಎಷ್ಟಾದ್ರೂ ಕಟ್ತೀನಿ ಅಂತ ನಿನ್ನೆಯಿಂದ ಕಂಪನಿಯವರ ಹತ್ತಿರ ಅಂಗಲಾಚ್ತಿದ್ದೆ. ಕಾರಲ್ಲಿ ಕೂತೇ ಕಟ್ಟಬೇಕು ಅಂದ್ರು. ಸದ್ಯ, ನೀವು ಕಟ್ಟಿದ್ರಿ."