ಇಳಿತದ ಹೊತ್ತು

"ಅತ್ತೆ, ಸಾಕು ಬನ್ನಿ, ನೀರು ವಾಪಸ್ ಏರ್ತಿದೆ!" ಎಂದು ಉಲಾಯು ಕೂಗಿದಳು. ಹೆಪ್ಪುಗಟ್ಟಿದ ಕಡಲಿಗೆ ಕಿಂಡಿ ಕೊರೆದು ಇಬ್ಬರೂ ಅಡಿಗೆ ಇಳಿದಿದ್ದರು. ಇಳಿತಕ್ಕೆ ನೀರು ಸರಿದ ಬಂಡೆಗಳ ಮೇಲೆ ಮಂಡಿಯೂರಿದ್ದ ಅಲಾಸಿ ಕಪ್ಪೆಚಿಪ್ಪುಗಳನ್ನು ಕಿತ್ತು ಬಕೆಟ್ಟಿಗೆ ಹಾಕುತ್ತಲೇ ಇದ್ದಳು. ಒಂದನ್ನು ಬಿಡಿಸಿ ಹಸಿಯಾಗಿಯೇ ಬಾಯಿಗೆ ಹಾಕಿಕೊಂಡಳು.

"ಸುಮ್ನಿರೇ ಪುಕ್ಕಲಿ. ನೀನು ಹುಟ್ಟೋಕೆ ಮುಂಚಿಂದ ಇಲ್ಲಿಗೆ ಇಳೀತಿದೀನಿ. ಕುಸಿಯೋ ಮುಂಚೆ ಮಂಜುಗಡ್ಡೆ ನರಳತ್ತೆ. ಏನಾದ್ರೂ ಕೇಳಿಸ್ತಾ?"

ಉಲಾಯುವಿಗೂ ಏನೂ ಕೇಳಿಸಲಿಲ್ಲ. ಆದರೆ ತಲೆಯ ಮೇಲಿನ ಮಂಜುಗಡ್ಡೆಯ ಚಾವಣಿ ಅತ್ತೆಯ ಟೋಪಿಗೆ ತಾಗುವಷ್ಟು ಜಗ್ಗಿದ್ದು ದೀಪದ ಬೆಳಕಿನಲ್ಲಿ ಅವಳಿಗೆ ಕಂಡಿತು. ಅತ್ತೆಗೆ ಎಂದೂ ಎದುರಾಡದವಳು ತೋಳು ಹಿಡಿದು ದರದರನೆ ಎಳೆದಳು, ಕಿಂಡಿಯಿಂದ ಮೇಲಕ್ಕೆ ತಳ್ಳಿ ತಾನೂ ಹತ್ತಿದಳು. ಮರುಕ್ಷಣವೇ ಚಾವಣಿ ಕುಸಿದು ಬಿತ್ತು. ಬಕೆಟ್ಟು ಅಡಿಯಲ್ಲೇ ಉಳಿಯಿತು.

ಅಲಾಸಿ ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಊರಿನ ಹೆಂಗಸರು ಬಂದರು. ಪ್ರತಿ ಚಳಿಗಾಲವೂ ಅವಳು ಹೂಂ ಎಂದ ಮೇಲೆಯೇ ಅವರು ಕೆಳಗಿಳಿಯುವುದು.

"ಅಲಾಸಕ್ಕ, ಆ ಕಡೆ ಇನ್ನೊಂದು ಕಿಂಡಿ ಕೊರೆದಿದೀವಿ. ಇಳೀಬಹುದಾ?"

ಅಲಾಸಿ ಸೊಸೆಯ ಕಡೆ ತಿರುಗಿ ನೋಡಿದಳು.

"ಇನ್ಮೇಲೆ ನನ್ನನ್ನ ಕೇಳ್ಬೇಡ್ರೇ," ಎಂದಳು. "ಮಂಜುಗಡ್ಡೆ ನರಳದೇನೇ ಕುಸೀತು. ನಂಗೆ ಗೊತ್ತಾಗ್ತಿಲ್ಲ."