ಮಂಕು ಪರದೆ

ಅಂದು ಬೆಳಿಗ್ಗೆ ತೆಳುವಾಗಿ ಮೋಡ ಕವಿದಿತ್ತು. ಬಿಸಿಲು ಬಣ್ಣವನ್ನು ಹೊಗಳುತ್ತದೆ, ದೇವರು ಮೋಡ ಕೊಟ್ಟಿದ್ದೇ ನಿಜವಾದ ಬಣ್ಣ ನೋಡಲಿಕ್ಕೆ ಎಂದು ನಂಬಿದ ಬಣ್ಣಗಾರ್ತಿ ಅತ್ತೆ, ತಾನು ಅದ್ದಿದ ಕೆಂಪು ಬಟ್ಟೆಯ ತುಂಡನ್ನು ಮಾನಿಟರ್ ಅಂಗಡಿಯ ಬಾಗಿಲಲ್ಲಿ ಹಿಡಿದು ನಿಂತಿದ್ದಳು. ಸೊಸೆ ಕಂಪ್ಯೂಟರಿನಲ್ಲಿ ಮಾಡಿಕೊಟ್ಟ, ಗಿರಾಕಿಗಳಿಗೆ ತೋರಿಸುವ ಬಣ್ಣದ ಪುಸ್ತಕದಲ್ಲಿ ಆ ಕೆಂಪು ಇಟ್ಟಿಗೆಯ ಬಣ್ಣವಾಗಿ ಅಚ್ಚಾಗಿತ್ತು. "ನಿನ್ನ ಕಣ್ಣಿಗೆ ಬಣ್ಣ ಹತ್ತಲ್ಲಮ್ಮ" ಎಂದು ಅತ್ತೆ ಕೆಲಸವನ್ನು ಕಿತ್ತುಕೊಂಡಿದ್ದಳು. ಅಂದೇ ಸಂಜೆ ಆ ಕೆಲಸ ಬೇರೆಯವರ ಪಾಲಾಗುವುದಿತ್ತು. ತಪ್ಪು ಕಣ್ಣಿನದಲ್ಲ, ಮನೆಯ ಹಳೆಯ ಮಾನಿಟರಿನದು ಎಂಬ ಅನುಮಾನದಿಂದ ಸೊಸೆ ಅತ್ತೆಯನ್ನು ಇಲ್ಲಿಗೆ ಕರೆತಂದಿದ್ದಳು.

ಸೊಸೆ ಆ ಪುಸ್ತಕದ ಪುಟವನ್ನೇ ಪೆನ್‌ಡ್ರೈವ್‌ನಲ್ಲಿ ತಂದು ಒಂದೊಂದೇ ಮಾನಿಟರಿಗೆ ಹಾಕಿಸಿದಳು. ಥಳಥಳಿಸುವ ಪರದೆಗಳಲ್ಲೆಲ್ಲ, ಮನೆಯ ಹಳೆಯದರಲ್ಲಿ ಕಂಡ ಹಾಗೆಯೇ, ಪುಟ ಬಟ್ಟೆಯಷ್ಟೇ ಕೆಂಪಗೆ ಕಂಡಿತು. ಮೂಲೆಯ ಒಂದರಲ್ಲಿ ಮಾತ್ರ ಅಚ್ಚಿನಲ್ಲಿದ್ದ ಅದೇ ಇಟ್ಟಿಗೆ ಬಣ್ಣ.

"ಅದು ಬೇಡ ಅಕ್ಕ, ಸ್ವಲ್ಪ ಮಂಕು" ಎಂದ ಅಂಗಡಿಯವನು.

ಸೊಸೆಗೆ ನಗು ತಡೆಯಲಾಗಲಿಲ್ಲ. "ಇದೇ ಬೇಕು. ಅಷ್ಟೂ ಪರದೆಗಳು ನನ್ನ ತಪ್ಪನ್ನು ಮುಚ್ಚಿಟ್ಟವು. ಅಚ್ಚಿನಲ್ಲಿ ಬಂದದ್ದನ್ನು ಇದ್ದ ಹಾಗೆ ತೋರಿಸಿದ್ದು ಈ ಮಂಕುದಿಣ್ಣೆ ಒಂದೇ. ನೋಡಿ ಅತ್ತೆ, ಈಗ ತಿದ್ದುತ್ತೇನೆ."

ಅಂಗಡಿಯ ಸ್ಟೂಲಿನಲ್ಲೇ ಕುಳಿತು ಅವಳು ಬಣ್ಣವನ್ನು ಎಳೆಎಳೆಯಾಗಿ ಹದಕ್ಕೆ ತಂದಳು. ಅತ್ತೆ ಬಟ್ಟೆಯನ್ನು ಪರದೆಗೆ ಒತ್ತಿ ಹಿಡಿದಳು. ಎಲ್ಲಿ ಬಟ್ಟೆ ಮುಗಿಯಿತು, ಎಲ್ಲಿ ಪರದೆ ಶುರುವಾಯಿತು ಎಂದು ತಿಳಿಯಲು ಬೆರಳಾಡಿಸಿ ನೋಡಬೇಕಾಯಿತು.

"ಕಣ್ಣು ಚೆನ್ನಾಗೇ ಇದೆ" ಎಂದು ತನಗೆ ತಾನೇ ಹೇಳಿಕೊಂಡ ಅತ್ತೆ, ಪುಸ್ತಕ ಮಾಡಲು ಸಂಜೆ ಬೇರೆಯವರಿಗೆ ಕೊಡಲೆಂದು ಚೀಲದಲ್ಲಿಟ್ಟಿದ್ದ ನಲವತ್ತು ಬಣ್ಣದ ಬಟ್ಟೆ ತುಂಡುಗಳ ಕಟ್ಟನ್ನು ಸೊಸೆಯ ಮಡಿಲಿಗಿಟ್ಟಳು.