ಮೆಟ್ಟಿಲ ತಿರುವು

ಕುರ್ಚಿ ಹೊತ್ತು ಆರು ಮೆಟ್ಟಿಲೇರಿದ ಕಸಿಲ್ದಾ ತಿರುಗಿ ನೋಡಿದರೆ, ಅಣ್ಣ ಫರ್ಮಿನ್ ಕೆಳಗೇ ಕುಳಿತಿದ್ದ. ನೊಣಗಳೂ ನೆರಳಿಗಾಗಿ ಸಾಲು ನಿಲ್ಲುವ ಸ್ಪೇನಿನ ಸೆವಿಲ್ಲೆಯ ಬೇಸಿಗೆಯನ್ನು ತಂಪಾದ ಕೆಳ ಅಂತಸ್ತಿನಲ್ಲೂ ಚಳಿಗಾಲವನ್ನು ಮಹಡಿಯಲ್ಲೂ ಕಳೆಯುವುದು ಆ ಮನೆಯಲ್ಲಿ ಜಗತ್ತು ಹುಟ್ಟುವ ಮೊದಲಿನಿಂದಲೂ ಬಂದ ಪದ್ಧತಿ.

“ಏಳೋ ಸೋಮಾರಿ, ನವೆಂಬರ್ ಬಂತು.”

“ಬರಲ್ಲ ಕಣೇ. ಡಾಕ್ಟರು ಹೇಳಿದ್ದು ನೀನೂ ಕೇಳಿದೀಯ, ಮುಂದಿನ ಬೇಸಿಗೆ ನನಗಿಲ್ಲ. ಅಪ್ಪನ ಶವಪೆಟ್ಟಿಗೆ ಇಳಿಸುವಾಗ ಮೆಟ್ಟಿಲ ಆ ತಿರುವಲ್ಲಿ ಸಿಕ್ಕಿಕೊಂಡು ಇಡೀ ಬೀದಿ ಬಂದು ಎಳೀತು. ನಾನು ಅಪ್ಪನಿಗಿಂತ ದಪ್ಪ.”

ಊರಿನ ಚರ್ಚಿನ ಗಂಟೆಗಳ ಬಾಯನ್ನೂ ಮುಚ್ಚಿಸಬಲ್ಲ ಮಾತುಗಾತಿ ಕಸಿಲ್ದಾ ಕುರ್ಚಿಯನ್ನು ಅಲ್ಲೇ ಇಟ್ಟು ಮೇಲೆ ಹೋಗಿ, ಕಂಬಳಿಯ ಜೊತೆ, ಅಪ್ಪನಿಗೆ ಕೊನೆಗೆ ತೊಡಿಸಿದ್ದಂಥದೇ ಅವನ ಕರಿ ಸೂಟನ್ನೂ ತಂದಳು. ಕಂಬಳಿಯನ್ನು ಅವನಿಗೆ ಹೊದಿಸಿ, ಸೂಟನ್ನು ಕೈಗೆ ಸಿಗುವಂತೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು.